ದಾರಿಯಲ್ಲಿ ಕಂಡ ಹಣದ ಚೀಲ

ಗಣಿತಕ್ಕೂ ರಸಿಕತೆಗೂ ಹಗೆಯೆಂದು ನಂಬಿದವರು ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವನ್ನು ಒಮ್ಮೆ ತೆರೆಯಬೇಕು. ನಮ್ಮ ಸೇಡಂ ತಾಲ್ಲೂಕಿನ ಮಳಖೇಡವು ಮಾನ್ಯಖೇಟವೆನಿಸಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನನ್ನು ಕೊಂಡಾಡಿ ರಚಿತವಾದ ಸಂಸ್ಕೃತ ಗ್ರಂಥವದು.

ಅದರಲ್ಲೊಂದು ಸಮಸ್ಯೆ. ಮೂವರು ವರ್ತಕರು ದಾರಿಯಲ್ಲಿ ಹಣದ ಚೀಲವೊಂದನ್ನು ಕಂಡರು. ಅದು ತನಗೆ ದಕ್ಕಿದರೆ ಉಳಿದಿಬ್ಬರ ಹಣದ ಎರಡರಷ್ಟು ತನ್ನದಾಗುವುದೆಂದು ಮೊದಲನೆಯವನು, ಮೂರರಷ್ಟೆಂದು ಎರಡನೆಯವನು, ಐದರಷ್ಟೆಂದು ಮೂರನೆಯವನು ನುಡಿದರು. ಚೀಲದಲ್ಲಿ 15, ಕೈಯಲ್ಲಿ ಕ್ರಮವಾಗಿ 1, 3, 5 ಎಂಬುದು ಉತ್ತರ.

ಇದನ್ನೇ ಪ್ರೊಲಾಗ್ ಎಂಬ ಗಣಕಭಾಷೆಗೆ ಒಪ್ಪಿಸೋಣ. 1972ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ರೂಪುಗೊಂಡ ಈ ತರ್ಕಭಾಷೆಗೆ ಲೆಕ್ಕ ಬಿಡಿಸುವ ಬಗೆಯನ್ನು ಹೇಳಿಕೊಡಬೇಕಿಲ್ಲ. ಮೂವರ ಮಾತುಗಳನ್ನು ನಿಬಂಧನೆಗಳಾಗಿ ಬರೆದು, ಮೊತ್ತಗಳು 1ರಿಂದ 100ರವರೆಗಿನ ಪೂರ್ಣಾಂಕಗಳೆಂದರೆ ಸಾಕು. ಯಂತ್ರವು ಒಂದೊಂದನ್ನೇ ಊಹಿಸಿ, ಹೊಂದದ್ದನ್ನು ತೊರೆದು, ಹಿಂದಿರುಗಿ ಮತ್ತೆ ಹುಡುಕುತ್ತದೆ. ಅದಕ್ಕೆ ಸಿಗುವ ಉತ್ತರ ಒಂದಲ್ಲ, ಆರು: ಚೀಲದಲ್ಲಿ 15, 30, 45, 60, 75 ಇಲ್ಲವೆ 90. ನಿಬಂಧನೆಗಳು ಮೂರು, ತಿಳಿಯದ ಮೊತ್ತಗಳು ನಾಲ್ಕು. ಆದ್ದರಿಂದಲೇ ಈ ಸಡಿಲ.

ನಾನು ಹೇಳಬೇಕೆಂದಿರುವುದು ಇಷ್ಟೆ. 30 ಎಂದು ಬರೆದ ಹುಡುಗಿಯ ಉತ್ತರವನ್ನು, ಪುಸ್ತಕದಲ್ಲಿ 15 ಎಂದಿದೆಯೆಂಬ ಕಾರಣಕ್ಕೆ ಹೊಡೆದುಹಾಕುವುದು ಅನ್ಯಾಯ. ಹುಡುಕುವ ದುಡಿಮೆಯನ್ನು ಯಂತ್ರ ಹೊರಲಿ. ಉತ್ತರಗಳೆಲ್ಲ ಏಕೆ 15ರ ಮಡಿಗಳಾದುವೆಂದು ಕೇಳುವ ಬುದ್ಧಿಯನ್ನು ಶಾಲೆ ಬೆಳೆಸಲಿ. ಚಂದ್ರಂಪಳ್ಳಿಯಿಂದ ವಾಡಿಯವರೆಗಿನ ಉಪಾಧ್ಯಾಯರು ನೆರೆಯೂರಿನ ಈ ಸಮಸ್ಯೆಯನ್ನು ಮೊದಲು ಕಾಗದದ ಮೇಲೆ, ಬಳಿಕ ಗಣಕದಲ್ಲಿ ಮಕ್ಕಳಿಂದ ಬಿಡಿಸಬೇಕೆಂಬುದು ನನ್ನ ವಿನಂತಿ.