ಹಿಟ್ಟಿನ ಕೋಳಿ, ಹಿತ್ತಲ ಕೋಳಿ

ಕಳೆದ ಬೇಸಿಗೆಯ ಒಂದು ಮುಂಜಾನೆ. ಆಳಂದದ ನಮ್ಮ ಮನೆಯಲ್ಲಿ ಸಾಮಾಯಿಕ ಮುಗಿಸಿ ಏಳುವಷ್ಟರಲ್ಲಿ ಪಕ್ಕದ ಓಣಿಯ ಬಾಲಕಿಯೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಮಡಿಲಲ್ಲಿ ರಕ್ತಸಿಕ್ತವಾದ ಒಂದು ಹೇಂಟೆ. ರಾತ್ರಿ ಗೂಡಿನ ಬಾಗಿಲಿಗೆ ಅಗುಳಿ ಹಾಕುವುದು ಮರೆತುಹೋಗಿತ್ತು. ನಾಯಿಗಳು ನುಗ್ಗಿ ಆರು ಕೋಳಿಗಳಲ್ಲಿ ನಾಲ್ಕನ್ನು ಕೊಂದಿದ್ದವು. ಒಂದು ಗಾಯಗೊಂಡಿತ್ತು, ಇನ್ನೊಂದು ಮಾಳಿಗೆ ಏರಿ ಬದುಕಿಕೊಂಡಿತ್ತು. “ಸರ, ಇದು ಉಳೀತದೇನ್ರಿ?” ಎಂದು ಅವಳು ಕೇಳಿದಳು.

ನನಗೂ ನನ್ನ ಮನೆಯಾಕೆಗೂ ತಿಳಿದಷ್ಟು ಮಾಡಿದೆವು. ಪಶುವೈದ್ಯರಲ್ಲಿಗೂ ಒಯ್ದೆವು. ಮೂರನೆಯ ದಿನ ಸೂರ್ಯೋದಯಕ್ಕೆ ಮುನ್ನ ಆ ಜೀವ ಹೋಯಿತು. ಆಗ ಬಾಲಕಿ ಕೇಳಿದ ಎರಡನೆಯ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ: “ಇಷ್ಟೆಲ್ಲಾ ಮಾಡಿದ್ದು ದಂಡ ಆಯ್ತಲ್ರಿ ಸರ?”

ಮಕ್ಕಳ ಪ್ರಶ್ನೆಗೆ ಉತ್ತರಿಸುವುದೇ ವೃತ್ತಿಯಾಗಿದ್ದ ನನಗೆ ಅಂದು ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಆ ಸಂಜೆ ಸ್ವಾಧ್ಯಾಯಕ್ಕೆ ಕುಳಿತಾಗ, ಮತ್ತೊಂದು ಕೋಳಿಯ ಕಥೆಯಿಂದ.

ಕವಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ ಕನ್ನಡಿಗರಿಗೆ ಚಿರಪರಿಚಿತ. ಅದಕ್ಕೂ ಮೊದಲು, ಹತ್ತನೆಯ ಶತಮಾನದಲ್ಲಿ, ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಕಾಲದಲ್ಲಿ, ಪುಷ್ಪದಂತ ಮಹಾಕವಿ ಇದೇ ಕಥೆಯನ್ನು ಅಪಭ್ರಂಶ ಭಾಷೆಯಲ್ಲಿ ಬರೆದನು. ಯಶೋಧರ ರಾಜನು ಪ್ರಾಣಿಬಲಿಗೆ ಒಪ್ಪದಿದ್ದಾಗ ತಾಯಿ ಚಂದ್ರಮತಿ ಹಿಟ್ಟಿನ ಕೋಳಿಯನ್ನಾದರೂ ಬಲಿಕೊಡೆಂದು ಒತ್ತಾಯಿಸುತ್ತಾಳೆ. ಅವನು ಒಪ್ಪುತ್ತಾನೆ. ಆ ಒಂದು ಸಂಕಲ್ಪದ ಫಲವಾಗಿ ತಾಯಿಮಗ ಇಬ್ಬರೂ ಪಶುಪಕ್ಷಿಗಳ ಜನ್ಮಗಳಲ್ಲಿ ತೊಳಲುತ್ತಾರೆ. ಕೊನೆಗೆ ಕೋಳಿಗಳಾಗಿ ಹುಟ್ಟಿ, ಮುನಿಯೊಬ್ಬರ ಧರ್ಮೋಪದೇಶವನ್ನು ಆಲಿಸಿ ಸಂತೋಷದಿಂದ ಕೂಗುತ್ತಾರೆ. ಸದ್ದನ್ನು ಆಲಿಸಿಯೇ ಗುರಿಯಿಡುವ ತನ್ನ ಬಿಲ್ಗಾರಿಕೆಯನ್ನು ತೋರಲು ಯಶೋಮತಿ ರಾಜ ಬಾಣ ಬಿಡುತ್ತಾನೆ. ಅವನು ಯಶೋಧರನ ಸ್ವಂತ ಮಗ. ಕೊಂದದ್ದು ತನ್ನ ತಂದೆಯನ್ನೂ ಅಜ್ಜಿಯನ್ನೂ ಎಂಬುದು ಅವನಿಗೆ ತಿಳಿಯದು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಎಚ್ಚರಿಕೆಯೆಂದು ಓದುತ್ತೇವೆ. ಸಂಕಲ್ಪಹಿಂಸೆಯ ಭೀಕರತೆಯನ್ನು ಅದರಲ್ಲಿ ಕಾಣುತ್ತೇವೆ. ಅದೇ ಕಥೆಯಲ್ಲಿ ಒಂದು ಸಾಂತ್ವನವೂ ಅಡಗಿದೆ. ಜೀವವೇ ಇಲ್ಲದ ಹಿಟ್ಟಿನ ಕೋಳಿಯನ್ನು ಕೊಲ್ಲುವ ಭಾವ ಜನ್ಮಾಂತರಗಳವರೆಗೆ ಬೆನ್ನಟ್ಟಿತು ಎಂದಾದರೆ, ಜೀವವಿರುವ ಕೋಳಿಯನ್ನು ಉಳಿಸುವ ಭಾವ, ಅದು ಉಳಿಯದೆ ಹೋದ ಮಾತ್ರಕ್ಕೆ, ವ್ಯರ್ಥವಾಗುವುದೆಂತು? ಅಲ್ಲಿ ಯಾವ ಜೀವವೂ ಹೋಗಲಿಲ್ಲ, ಆದರೂ ಪಾಪ ಅಂಟಿತು. ಇಲ್ಲಿ ಜೀವ ಹೋಯಿತು, ಆದರೂ ಕರುಣೆ ನಿಂತಿತು. ಕರ್ಮದ ಲೆಕ್ಕದಲ್ಲಿ ಪರಿಣಾಮಕ್ಕಿಂತ ಭಾವವೇ ಹಿರಿದು. ಮರುದಿನ ಬಾಲಕಿಗೆ ಇದನ್ನೇ ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಿದೆ.

ಆದರೆ ಭಾವ ಶುದ್ಧವಿದ್ದರೆ ಸಾಕು ಎಂದು ಕೈಕಟ್ಟಿ ಕೂಡುವುದು ಪ್ರಮಾದ. ಪ್ರಮಾದವೇ ಹಿಂಸೆಯ ಬೇರು ಎಂದು ಜೈನಾಚಾರ್ಯರು ಸಾರಿದ್ದಾರೆ. ಕರುಣೆಗೆ ಅರಿವಿನ ಕಣ್ಣು ಬೇಕು. ಗಾಯಗೊಂಡ ಕೋಳಿಯನ್ನು ಎದೆಯೊತ್ತಿ ಹಿಡಿಯಬಾರದು. ಎದೆಗೂಡಿನ ಚಲನೆಯಿಂದಲೇ ಉಸಿರಾಡುವ ಹಕ್ಕಿ ಬಿಗಿಹಿಡಿತದಲ್ಲಿ ಉಸಿರುಗಟ್ಟುತ್ತದೆ. ರಕ್ತ ಸೋರುವಲ್ಲಿ ಶುಭ್ರ ಬಟ್ಟೆಯನ್ನು ಕೆಲಹೊತ್ತು ಒತ್ತಿ ಹಿಡಿಯಬೇಕು. ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಬೆರೆಸಿ ಗಾಯ ತೊಳೆಯಬೇಕು. ಕೊಕ್ಕಿನೊಳಗೆ ನೀರು ಸುರಿದರೆ ಅದು ಶ್ವಾಸನಾಳಕ್ಕೆ ಇಳಿದೀತು. ತಟ್ಟೆಯಲ್ಲಿಟ್ಟು ತಾನಾಗಿ ಕುಡಿಯಲು ಬಿಡಬೇಕು. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಮಬ್ಬು ಬೆಳಕಿನಲ್ಲಿ, ಸದ್ದಿಲ್ಲದೆಡೆ ಒಂಟಿಯಾಗಿ ಇಡುವುದು ಮುಖ್ಯ. ರಕ್ತದ ಕೆಂಪು ಕಂಡರೆ ಉಳಿದ ಕೋಳಿಗಳು ಆ ಗಾಯವನ್ನೇ ಕುಕ್ಕುತ್ತವೆ. ಮನೆಯ ಅರಿಸಿನ ಒಳ್ಳೆಯದೇ, ಆದರೆ ಆಳವಾದ ಕಡಿತಕ್ಕೆ ಅದೊಂದೇ ಸಾಲದು. ಪಶು ಆಸ್ಪತ್ರೆಗೆ ಒಯ್ಯಲೇಬೇಕು.

ಒಂದು ಕೋಳಿಯ ಸಾವೇ ಇಷ್ಟು ಕಾಡುವಾಗ, ಇಡೀ ಹಿಂಡೇ ಹೋದವರ ಪಾಡೇನು? 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರುಗಳಿಗೆ ನುಗ್ಗಿದ್ದನ್ನು ನಾವಾರೂ ಮರೆತಿಲ್ಲ. ಜನ ಉಟ್ಟಬಟ್ಟೆಯಲ್ಲಿ ಹೊರಟಾಗ ಬುಟ್ಟಿಯಡಿ ಮುಚ್ಚಿಟ್ಟ ಕೋಳಿಯ ನೆನಪು ಯಾರಿಗೆ ಬಂದೀತು? ನೆರೆ ಬಾರದ ವರ್ಷವೂ ಕೊಕ್ಕರೆ ರೋಗ ಒಂದೇ ವಾರದಲ್ಲಿ ಹಿತ್ತಲುಗಳನ್ನು ಬರಿದುಮಾಡುತ್ತದೆ. ಬೇಸಿಗೆಯ ಬಿಸಿಲು ಬಲಿ ಕೇಳುತ್ತದೆ. ಹಿತ್ತಲ ಕೋಳಿ ಎಷ್ಟೋ ತಾಯಂದಿರಿಗೆ ಮಗುವಿನ ಪಾಟಿಪುಸ್ತಕ, ಮನೆಯ ಎಣ್ಣೆ ಉಪ್ಪು. ಅವರ ಕಣ್ಣೀರನ್ನು ‘ಕೋಳಿ ತಾನೆ’ ಎಂದು ತಳ್ಳಿಹಾಕುವುದೂ ಒಂದು ಬಗೆಯ ಹಿಂಸೆ.

ದುಃಖ ಸಹಜ. ಆದರೆ ಇಷ್ಟವಾದುದರ ವಿಯೋಗವನ್ನೇ ಮತ್ತೆ ಮತ್ತೆ ನೆನೆದು ಬೇಯುವುದನ್ನು ನಮ್ಮ ಶಾಸ್ತ್ರ ಆರ್ತಧ್ಯಾನವೆಂದು ಹೆಸರಿಸಿ ಎಚ್ಚರಿಸುತ್ತದೆ. ಅದಕ್ಕೆ ಮದ್ದು ದ್ವಾದಶಾನುಪ್ರೇಕ್ಷೆ. ಎಲ್ಲವೂ ಅಳಿಯುವಂಥದ್ದು ಎಂಬ ಅನಿತ್ಯಭಾವನೆ, ಮೃತ್ಯುವಿನೆದುರು ಯಾವ ಜೀವಕ್ಕೂ ಆಸರೆಯಿಲ್ಲವೆಂಬ ಅಶರಣಭಾವನೆ, ಇವು ಮನಸ್ಸನ್ನು ಕಲ್ಲಾಗಿಸಲು ಹೇಳಿದವಲ್ಲ. ಹೋದುದರಿಂದ ಕಣ್ಣನ್ನು ಬಿಡಿಸಿ ಇರುವುದರ ಕಡೆಗೆ ತಿರುಗಿಸಲು ಹೇಳಿದವು. ಹಿಂಡು ರೋಗಕ್ಕೆ ತುತ್ತಾಯಿತೆ? ಸತ್ತವನ್ನು ಬಾವಿಯಿಂದ ದೂರ ಆಳವಾಗಿ ಹೂತು ಸುಣ್ಣ ಹಾಕಿ, ಬರಿಗೈಯಲ್ಲಿ ಮುಟ್ಟಬೇಡಿ. ಒಮ್ಮೆಗೇ ಹಲವು ಸತ್ತರೆ ಪಶುವೈದ್ಯರಿಗೆ ತಿಳಿಸಿ. ಮುಂದಿನ ಮರಿಗಳಿಗೆ ಮೊದಲ ವಾರದಲ್ಲೇ ಕೊಕ್ಕರೆ ರೋಗದ ಲಸಿಕೆಯ ಹನಿ ಹಾಕಿಸಿ. ಬಿಸಿಲಲ್ಲಿ ನೆರಳನ್ನೂ ಮಣ್ಣಿನ ಪಾತ್ರೆಯಲ್ಲಿ ತಣ್ಣೀರನ್ನೂ ಇಡಿ. ಅನಿತ್ಯವನ್ನು ಅರಿತವನು ಹೆಚ್ಚು ಜಾಗರೂಕನಾಗುತ್ತಾನೆಯೇ ಹೊರತು ಉದಾಸೀನನಲ್ಲ.

ಇಲ್ಲೊಂದು ಕಠಿಣ ಪ್ರಶ್ನೆಯನ್ನು ಶ್ರಾವಕ ಬಂಧುಗಳು ನನ್ನಲ್ಲಿ ಎತ್ತಿದ್ದಾರೆ. ‘ನಾವು ಗುಣಪಡಿಸಿದ ಕೋಳಿಯನ್ನು ಅದರ ಒಡೆಯರು ನಾಳೆ ಸಂತೆಗೆ ಒಯ್ದರೆ ನಮ್ಮ ಉಪಚಾರಕ್ಕೆ ಅರ್ಥವೇನು?’ ಬೇಡಿಕೊಳ್ಳಬಹುದು, ಆ ಜೀವವನ್ನು ನಮಗೇ ಬಿಟ್ಟುಕೊಡಿರೆಂದು ಕೇಳಬಹುದು. ನಾನೂ ಕೇಳಿದ್ದೇನೆ, ಕೆಲವರು ಕೊಟ್ಟಿದ್ದಾರೆ, ಕೆಲವರು ಕೊಟ್ಟಿಲ್ಲ. ಆದರೆ ನೋವಿನಲ್ಲಿರುವ ಜೀವದ ಮುಂದೆ ಷರತ್ತು ಹಾಕಲಾಗದು. ನಾಳೆಯದು ಅವರವರ ಕರ್ಮ, ಇಂದಿನದು ನನ್ನ ಕರ್ತವ್ಯ. ಇಷ್ಟಕ್ಕೂ ಅಹಿಂಸಾಣುವ್ರತದ ಅತಿಚಾರಗಳು ಕೊಲ್ಲುವುದನ್ನಷ್ಟೇ ಕುರಿತವಲ್ಲ. ಬಿಗಿದು ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನನೀರು ತಡೆಯುವುದು ಎಂದು ಐದನ್ನು ಎಣಿಸಿದ್ದಾರೆ. ಸಂತೆಯ ದಿನ ಸೈಕಲ್ಲಿನ ಹಿಡಿಕೆಗೆ ಕಾಲು ಕಟ್ಟಿ ತಲೆಕೆಳಗಾಗಿ ತೂಗುಹಾಕಿದ ಕೋಳಿಗಳನ್ನು ಕಂಡವರಿಗೆ ಈ ಪಟ್ಟಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ‘ಅಣ್ಣಾ, ಬುಟ್ಟಿಯೊಳಗಿಟ್ಟು ಒಯ್ಯಿರಿ, ಒಂದಿಷ್ಟು ನೀರಿಡಿರಿ’ ಎಂಬ ನಯವಾದ ಮಾತೂ ವ್ರತಪಾಲನೆಯೇ.

ದೆಹಲಿಯ ಚಾಂದನಿ ಚೌಕದಲ್ಲಿ, ಕೆಂಪುಕೋಟೆಯ ಎದುರು, ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಹಕ್ಕಿಗಳ ಧರ್ಮಾಸ್ಪತ್ರೆ ಇದೆ. 1929ರಿಂದಲೂ ಅದು ನಡೆದುಬಂದಿದೆ. ಅಲ್ಲಿಗೆ ತಂದ ಹಕ್ಕಿಗಳೆಲ್ಲವೂ ಉಳಿಯುವುದಿಲ್ಲ. ಆದರೂ ಮರುದಿನ ಬಾಗಿಲು ತೆರೆಯುತ್ತದೆ. ಅಂಥ ಆಸ್ಪತ್ರೆ ನಮ್ಮ ತಾಲ್ಲೂಕುಗಳಲ್ಲಿ ಇಲ್ಲದಿರಬಹುದು; ಒಂದು ರಟ್ಟಿನ ಪೆಟ್ಟಿಗೆ, ಒಂದು ತಟ್ಟೆ ನೀರು ಯಾವ ಮನೆಯಲ್ಲಿಲ್ಲ?

ಆ ಬಾಲಕಿಯ ಮನೆಯಲ್ಲಿ ಮಾಳಿಗೆ ಏರಿ ಉಳಿದ ಹೇಂಟೆ ಮೊನ್ನೆ ಮರಿ ಮಾಡಿದೆ. ಅದನ್ನು ತೋರಿಸಲು ಅವಳು ನನ್ನನ್ನು ಕರೆದೊಯ್ದಳು. ನಾನು ಮರಿಗಳನ್ನು ನೋಡುತ್ತಿದ್ದೆ. ಅವಳು ಮೊದಲು ತೋರಿಸಿದ್ದು ಗೂಡಿನ ಹೊಸ ಅಗುಳಿಯನ್ನು. “ದಿನಾ ರಾತ್ರಿ ನಾನೇ ಹಾಕ್ತೀನ್ರಿ ಸರ” ಎಂದಳು. ಅಂದು ಸತ್ತ ಕೋಳಿಗೆ ಮಾಡಿದ್ದು ದಂಡವಾಗಿರಲಿಲ್ಲ.