ಆನೆ ನೋಡೋಕೆ ಅಂತ ಕಾಮಸಮುದ್ರಕ್ಕೆ ಬರಬ್ಯಾಡಿ

ಸೈಕ್ಲೋನ್ ಮಳೆ ಹಿಡಿದು, ಹೊಲದಲ್ಲಿ ರಾಗಿ ತೆನೆ ಬಲಿಯೋ ಹೊತ್ತಿಗೆ ಬೆಂಗಳೂರಿನ ನೆಂಟರ ಫೋನು ಶುರುವಾಗ್ತದೆ. "ಅತ್ತೆ, ನಿಮ್ಮ ಕಡೆ ಆನೆ ಬಂದವಂತೆ, ಕಾರಲ್ಲಿ ಒಂದು ರೌಂಡು ಹೋಗಿ ಬರಾಣ?" ಅಂತಾರೆ. ತಂಪು ಗಾಳಿ, ದಾರೀಲಿ ಬಿಸಿ ಬೋಂಡ, ಅದೃಷ್ಟ ಇದ್ರೆ ಆನೆ. ಕೇಳೋಕೆ ಚೆನ್ನಾಗೇ ಐತೆ. ಆದ್ರೂ ನಾನು ಬ್ಯಾಡ ಅಂತೀನಿ.

ನಮ್ಮ ದೊಡ್ಡಕ್ಕನ್ನ ಕೊಟ್ಟಿರೋದು ಕಾಮಸಮುದ್ರದ ಕಡೆಗೇ. ಅವರ ಮನೇಲಿ ಯಾರೂ ಆನೆ ನೋಡೋಕೆ ಹೋಗಲ್ಲ, ಆನೆ ಬರದೇ ಇರಲಿ ಅಂತ ಕಾಯ್ತಾರೆ. ಮಳೇಲಿ ಗೋಣಿಚೀಲ ಹೊದ್ದು, ರಾತ್ರಿಯೆಲ್ಲ ಹೊಲದಲ್ಲಿ ಬೆಂಕಿ ಹಾಕ್ಕೊಂಡು ಕೂರ್ತಾರೆ. ಒಂದು ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕೆ.ಜಿ. ಮೇವು ಬೇಕು. ಹಿಂಡು ಒಂದು ರಾತ್ರಿ ರಾಗಿ ಹೊಲಕ್ಕೆ ನುಗ್ಗಿದ್ರೆ ತಿಂದಿದ್ದಕ್ಕಿಂತ ತುಳಿದಿದ್ದೇ ಜಾಸ್ತಿ. ವರ್ಷದ ಮುದ್ದೆ ಅಲ್ಲಿಗೆ ಮುಗೀತು.

ಆನೇನ ಬಯ್ಯೋ ಹಂಗೂ ಇಲ್ಲ. ಹೊಸೂರು ಕಡೆ ಕಾಡಿನಿಂದ 1980ರ ದಶಕದಲ್ಲಿ ಅವು ಆಂಧ್ರದ ಕುಪ್ಪಂ, ಪಲಮನೇರು ಕಡೆ ಹೋಗಿ ನೆಲೆ ನಿಂತವು. ಅವಕ್ಕೇ ಅಂತ 1990ರಲ್ಲಿ ಕೌಂಡಿನ್ಯ ಅಭಯಾರಣ್ಯ ಮಾಡಿದ್ರು. ಮೂರು ರಾಜ್ಯದ ಗಡಿ ಮನುಷ್ಯರಿಗೆ ಗೊತ್ತು, ಆನೆಗೇನು ಗೊತ್ತು?

ಫಾರೆಸ್ಟಿನವರು ಹಿಂಡನ್ನ ಕಾಡಿಗೆ ತಿರುಗಿಸೋ ಹೊತ್ತಲ್ಲಿ ರಸ್ತೇಲಿ ಕಾರು ನಿಲ್ಲಿಸಿ, ಲೈಟು ಬಿಟ್ಟು, ಮೊಬೈಲ್ ಹಿಡಿದು ನಿಂತ್ರೆ ಅವು ಬೆದರಿ ಇನ್ನೊಂದು ಊರಿನ ಮೇಲೆ ಬೀಳ್ತಾವೆ. ಕಾರಿನವರು ಮನೆಗೆ ಹೋಗ್ತಾರೆ. ಬೆಳಿಗ್ಗೆ ಹಾಲು ಹಾಕೋಕೆ ಡೈರಿಗೆ ಕತ್ತಲಲ್ಲಿ ನಡೆಯೋ ಹೆಂಗಸಿನ ಎದುರಿಗೆ ಆ ಆನೆ ಬಂದ್ರೆ?

ಬಂಡೀಪುರದ ಹೆದ್ದಾರೀಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ಗಾಡಿ ಬಿಡಲ್ಲ. ರಾತ್ರಿ ಪ್ರಾಣಿಗಳದ್ದು ಅಂತ ಲೆಕ್ಕ. ನಮ್ಮ ಕಡೆ ಅಂಥ ಗೇಟಿಲ್ಲ. ನಾವೇ ಹಾಕ್ಕೋಬೇಕು.

ಕಾಡುಪ್ರಾಣಿ ನೋಡಲೇಬೇಕು ಅಂದ್ರೆ ಹಗಲು ಹೊತ್ತು ನಮ್ಮ ಊರಿಗಾಂ ಕಡೆಗೇ ಬನ್ನಿ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಬಿದ್ದಿರೋ ಬಯಲಿದೆಯಲ್ಲ, ಈ ಕೆ.ಜಿ.ಎಫ್. ಬಯಲಲ್ಲಿ ಕೃಷ್ಣಮೃಗ ಅವೆ. ನಾವು ಸೈನೈಡ್ ದಿಬ್ಬ ನೋಡಿ ಬರೀ ಧೂಳು ಅಂತೀವಿ. ಮಳೆ ಬಿದ್ದು ಹುಲ್ಲು ಚಿಗುರಿದಾಗ ನೋಡಿ. ಗಂಡು ಕಪ್ಪಗೆ, ತಿರುಚಿದ ಕೊಂಬು. ಹೆಣ್ಣು, ಮರಿ ಕಂದು ಬಣ್ಣ. ಬೆದರಿದ್ರೆ ಚಂಗನೆ ನೆಗೀತಾವೆ. ದೂರದಲ್ಲೇ ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಗಾಜು ಇಳಿಸಿ ಕೂತ್ಕೊಳ್ಳಿ. ಯಾರ ಬೆಳೆಯೂ ಹಾಳಾಗಲ್ಲ.

ಸಿಗದಿದ್ರೆ ಬೇಜಾರು ಮಾಡ್ಕೋಬ್ಯಾಡಿ, ನವಿಲಾದ್ರೂ ಸಿಗ್ತದೆ. ಆಮೇಲೆ ಮನೆಗೆ ಬನ್ನಿ, ಮುದ್ದೆ, ಅವರೆಕಾಳು ಸಾರು ಮಾಡಿಟ್ಟಿರ್ತೀನಿ. ಆ ರಾಗಿ ಯಾರೋ ರಾತ್ರಿಯೆಲ್ಲ ನೆನೆದು ಕಾದಿದ್ದು ಅಂತ ಮಕ್ಕಳಿಗೂ ಹೇಳಿ.