ಬ್ಯಾಟರಿಯ ಬೆಲೆಯೂ ವೋಲ್ಟೇಜಿನ ಲೆಕ್ಕವೂ

ವಿದ್ಯುತ್ ಕಾರು ಕೊಳ್ಳಬಯಸುವ ಸದಸ್ಯರು ಸಲಹೆಗೆಂದು ಬಂದಾಗ ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ: ಬೆಲೆ ಎಷ್ಟು? ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ ಓಡುತ್ತದೆ? ಬ್ಯಾಟರಿ ಯಾವ ಬಗೆಯದು, ಎಷ್ಟು ವೋಲ್ಟಿನದು ಎಂದು ವಿಚಾರಿಸುವವರು ವಿರಳ. ಆದರೆ ಮುಂದಿನ ವೆಚ್ಚದ ಬಹುಭಾಗ ಅಡಗಿರುವುದು ಅಲ್ಲಿಯೇ.

ಇದು ನನಗೆ ಮನವರಿಕೆಯಾದದ್ದು ಕಕ್ಷಿದಾರರೊಬ್ಬರ ಲೆಕ್ಕಪುಸ್ತಕದಿಂದ. ಸರಕು ಸಾಗಣೆಗಾಗಿ ಅವರು ಲೆಡ್ ಆಸಿಡ್ ಬ್ಯಾಟರಿಯ ಮೂರು ಚಕ್ರದ ವಿದ್ಯುತ್ ಗಾಡಿಗಳನ್ನು ಅಗ್ಗವೆಂದು ಕೊಂಡರು. ಎರಡನೆಯ ವರ್ಷ ಮುಗಿಯುವ ಮುನ್ನವೇ ಬ್ಯಾಟರಿಗಳನ್ನೆಲ್ಲ ಬದಲಾಯಿಸಬೇಕಾಯಿತು. ಅದಕ್ಕೆಂದು ಮೊದಲೇ ಹಣ ತೆಗೆದಿರಿಸುವಂತೆ ಹೇಳಬೇಕಾಗಿದ್ದವನು ನಾನು, ಹೇಳಿರಲಿಲ್ಲ.

ಉದಾಹರಣೆಗೆ, 10 ಯೂನಿಟ್ ಸಾಮರ್ಥ್ಯದ ಲೆಡ್ ಆಸಿಡ್ ಬ್ಯಾಟರಿಯಿಂದ ಪ್ರತಿ ಸಲ ಅರ್ಧದಷ್ಟನ್ನೇ ಬಳಸಿ, 500 ಬಾರಿ ಚಾರ್ಜ್ ಮಾಡಿದೆವೆಂದುಕೊಳ್ಳೋಣ. ಒಟ್ಟು ದೊರೆತದ್ದು 2,500 ಯೂನಿಟ್. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಿಂದ ಪ್ರತಿ ಸಲ 8 ಯೂನಿಟ್‌ನಂತೆ 2,000 ಬಾರಿ ಪಡೆದರೆ 16,000 ಯೂನಿಟ್. ಇದರ ಬೆಲೆ ಮೂರು ಪಟ್ಟು ಹೆಚ್ಚಿದ್ದರೂ ಯೂನಿಟ್ಟಿಗೆ ತಗಲುವ ಖರ್ಚು ಅರ್ಧಕ್ಕಿಂತ ಕಡಿಮೆ. ದಿನಕ್ಕೆ ಹತ್ತು ಕಿಲೋಮೀಟರ್ ಮಾತ್ರ ಓಡುವ ಗಾಡಿಗೆ ಈ ಲೆಕ್ಕ ಅನ್ವಯಿಸದು. ಅಲ್ಲಿ ಬ್ಯಾಟರಿ ಬಳಕೆಯಿಂದಲ್ಲ, ವಯಸ್ಸಿನಿಂದ ಸವೆಯುತ್ತದೆ.

ಇನ್ನು ವೋಲ್ಟೇಜು. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಕಾರಿನಲ್ಲಿ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿಗಳಿದ್ದು, ಒಟ್ಟು 48 ವೋಲ್ಟ್ ಆಗುತ್ತಿತ್ತು. 2009ರಲ್ಲಿ ಅದಕ್ಕೆ ಲಿಥಿಯಂ ಅಯಾನ್ ಮಾದರಿಯೂ ಬಂದಿತು. ಪುಟ್ಟ ನಗರದ ಕಾರಿಗೆ 48 ವೋಲ್ಟ್ ಸಾಕು. ಆದರೆ 30 ಕಿಲೋವ್ಯಾಟ್ ಶಕ್ತಿ ಬೇಕೆಂದರೆ 48 ವೋಲ್ಟಿನಲ್ಲಿ 625 ಆಂಪಿಯರ್ ಹರಿಯಬೇಕು. 320 ವೋಲ್ಟಿನಲ್ಲಿ ಸುಮಾರು 94 ಸಾಕು. ಆಂಪಿಯರ್ ಇಮ್ಮಡಿಯಾದರೆ ಅದೇ ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ನಾಲ್ಮಡಿಯಾಗುತ್ತದೆ. ಅದನ್ನು ತಡೆಯಲು ದಪ್ಪ ತಾಮ್ರ ಬೇಕು. ತಾಮ್ರದ ದರ ನಮ್ಮ ಸದಸ್ಯರಿಗೆ ನಾನು ಹೇಳಬೇಕಾಗಿಲ್ಲ. ನೆಕ್ಸಾನ್ ಇವಿ 2020ರಲ್ಲಿ 300 ವೋಲ್ಟಿಗೂ ಮೇಲ್ಪಟ್ಟ ವ್ಯವಸ್ಥೆಯೊಡನೆ ಬಂದದ್ದು ಈ ಕಾರಣದಿಂದಲೇ.

ಹೈಬ್ರಿಡ್ ಕಾರಿನ ದಾರಿ ಬೇರೆ. ಅದರ ಬ್ಯಾಟರಿ ಚಿಕ್ಕದು. ಪೂರ್ತಿ ಬರಿದಾಗುವುದೂ ಇಲ್ಲ, ಪೂರ್ತಿ ತುಂಬುವುದೂ ಇಲ್ಲ. ಆದ್ದರಿಂದ ಹಳೆಯದೆನಿಸಿದ ನಿಕಲ್ ಮೆಟಲ್ ಹೈಡ್ರೈಡ್ ಅಲ್ಲಿ ಇನ್ನೂ ನಿಂತಿದೆ. 1997ರ ಪ್ರಿಯಸ್‌ನಲ್ಲಿದ್ದ ಆ ಬಗೆಯೇ 2022ರಲ್ಲಿ ಬಿಡದಿಯಿಂದ ಹೊರಬಂದ ಇನೋವಾ ಹೈಕ್ರಾಸ್ ಹೈಬ್ರಿಡ್‌ನಲ್ಲಿಯೂ ಇದೆ. ಭಾರ ಹೆಚ್ಚು, ಆದರೆ ಒರಟು ಬಳಕೆಯನ್ನು ತಾಳಿಕೊಳ್ಳುತ್ತದೆ.

800 ವೋಲ್ಟಿನ ಕಾರುಗಳ ಬಗ್ಗೆ ಈಗ ಬಹಳ ಉತ್ಸಾಹವಿದೆ. ಅತಿ ವೇಗದ ಚಾರ್ಜಿಂಗ್ ಕೇಂದ್ರ ದಾರಿಯಲ್ಲಿದ್ದರೆ ಅದರ ಲಾಭ ನಿಜ. ರಾತ್ರಿ ಮನೆಯ ಗೋಡೆಯ ಪ್ಲಗ್ಗಿಗೆ ಜೋಡಿಸುವ ವರ್ತಕರು ಅದಕ್ಕಾಗಿ ಹೆಚ್ಚಿನ ಬೆಲೆ ತೆರುವುದು ನನಗೆ ಸರಿಯೆನಿಸದು.

ತೆರಿಗೆಯಲ್ಲೊಂದು ಸೂಕ್ಷ್ಮವಿದೆ. ವಿದ್ಯುತ್ ಕಾರಿಗೆ 2019ರ ಆಗಸ್ಟ್ 1ರಿಂದ ಜಿಎಸ್‌ಟಿ ಶೇ 5. ಅದೇ ಕಾರಿಗೆ ಮುಂದೆ ಬ್ಯಾಟರಿಯನ್ನು ಬಿಡಿಯಾಗಿ ಕೊಂಡರೆ ಶೇ 18. ಲೆಡ್ ಆಸಿಡ್ ಬ್ಯಾಟರಿಗೆ ಶೇ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದಷ್ಟೇ ಶೇ 18ಕ್ಕೆ ಇಳಿಯಿತು. ಬ್ಯಾಟರಿ ವ್ಯಾಪಾರಿಗಳು ಕಂಗೆಡಬೇಕಾಗಿಲ್ಲ: ಎಷ್ಟೋ ವಿದ್ಯುತ್ ಕಾರುಗಳಲ್ಲಿ ದೀಪ, ಹಾರನ್‌ಗಳಿಗೆ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಇದ್ದೇ ಇದೆ.

ನನ್ನ ಆತಂಕ ನಮ್ಮ ಗ್ಯಾರೇಜುಗಳ ಕುರಿತದ್ದು. ಸುರಕ್ಷತಾ ಮಾನದಂಡಗಳಲ್ಲಿ 60 ವೋಲ್ಟ್ ನೇರ ವಿದ್ಯುತ್ತಿನ ಮೇಲಿನದು ಅಪಾಯದ ವರ್ಗ. ಕಿತ್ತಳೆ ಬಣ್ಣದ ಕೇಬಲ್ ಅದರ ಗುರುತು. ತರಬೇತಿಯಿಲ್ಲದ ಮೆಕ್ಯಾನಿಕ್ ಅದನ್ನು ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ. 2020ರಲ್ಲಿ ಎಂಟು ವರ್ಷದ ಬ್ಯಾಟರಿ ಖಾತರಿಯೊಡನೆ ಮಾರಾಟವಾದ ಕಾರುಗಳ ಅವಧಿ 2028ರಲ್ಲಿ ತೀರುತ್ತದೆ. ಆಗ ಅವು ಕಂಪನಿಯ ಬಾಗಿಲು ಬಿಟ್ಟು ನಮ್ಮ ಸದಸ್ಯರ ಗ್ಯಾರೇಜುಗಳಿಗೆ ಬರಲಿವೆ. ಅದಕ್ಕೆ ಮೊದಲು ಐಟಿಐಗಳ ನೆರವಿನಿಂದ ತರಬೇತಿಯೊಂದನ್ನು ಏರ್ಪಡಿಸುವ ವಿಷಯವನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯ ಮುಂದಿಡಬೇಕೆಂದು ಅಧ್ಯಕ್ಷರನ್ನು ವಿನಂತಿಸುತ್ತೇನೆ.